ಬೋಳು ಮೈಯ ಗೆಂಡೆ

ಕೆಲವು ವರ್ಷಗಳ ಹಿಂದೆ ಭದ್ರಾವತಿ ಕಡೆಯ ನನ್ನ ವಿದ್ಯಾರ್ಥಿಯೊಬ್ಬನು ಶಾಲೆಗೆ ಒಂದು ಮೀನನ್ನು ತಂದನು. ಬೆನ್ನ ಮೇಲೊಂದು ಸಾಲು, ಬಾಲದ ಬುಡದಲ್ಲಿ ನಾಲ್ಕಾರು ದೊಡ್ಡ ಹುರುಪೆಗಳು. ಉಳಿದ ಮೈಯೆಲ್ಲ ಬೋಳು. "ನಮ್ಮ ತೋಟದ ಹೊಂಡದಲ್ಲಿ ಇಂಥವು ಬಂದಿವೆ, ಸಾರ್. ಇದು ರೋಗವೇ?" ಎಂದನು. ಹಳಗನ್ನಡ ಪಾಠ ಹೇಳುವ ನಾನು, ತಿಳಿಯದೆನ್ನಲು ಸಂಕೋಚಪಟ್ಟು, "ರೋಗವೇ ಇರಬೇಕಪ್ಪ" ಎಂದುಬಿಟ್ಟೆ. ಅದನ್ನು ನಂಬಿ ಅವನ ತಂದೆಯವರು ಅಂಥ ಮೀನುಗಳನ್ನೆಲ್ಲ ಹಿಡಿದು ಹೂತುಹಾಕಿದರು.

ನಮ್ಮ ವಿಜ್ಞಾನದ ಮೇಷ್ಟರು ನನ್ನ ತಪ್ಪನ್ನು ತಿದ್ದಿದರು. ಅದು ರೋಗವಲ್ಲ, ಸಾಮಾನ್ಯ ಗೆಂಡೆಯದೇ ಒಂದು ರೂಪ. ಹೊಳೆಯುವ ದೊಡ್ಡ ಹುರುಪೆಗಳಿಂದಾಗಿ ಅದಕ್ಕೆ ಕನ್ನಡಿ ಗೆಂಡೆಯೆಂದು ಹೆಸರು. 1939ರಲ್ಲಿ ಸಿಂಹಳದಿಂದ ನೀಲಗಿರಿಗೆ ಬಂದ ಗೆಂಡೆಗಳಲ್ಲಿ ಈ ರೂಪವಿತ್ತು. 1957ರಲ್ಲಿ ಬ್ಯಾಂಕಾಕಿನಿಂದ ಕಟಕಕ್ಕೆ ಮತ್ತೊಂದು ತಳಿ ಬಂದಿತು.

ವಿಷಯ ತಿಳಿಸಲು ನಾನೇ ಅವರ ತೋಟಕ್ಕೆ ಹೋದೆ. ಆ ತಂದೆಯವರು ಕೋಪಿಸಿಕೊಳ್ಳಲಿಲ್ಲ; ಆದರೆ ಒಂದು ಪ್ರಶ್ನೆ ಕೇಳಿದರು: "ತಾಯಿತಂದೆ ಎರಡಕ್ಕೂ ಮೈತುಂಬ ಹುರುಪೆ ಇತ್ತಲ್ಲ ಮೇಷ್ಟ್ರೇ, ಮರಿಗೆ ಇದೆಲ್ಲಿಂದ ಬಂತು?"

ಉತ್ತರ ಹೀಗಿದೆ. ಪ್ರತಿ ಜೀವಿಗೂ ಒಂದೊಂದು ಗುಣಕ್ಕೆ ತಂದೆಯಿಂದ ಒಂದು, ತಾಯಿಯಿಂದ ಒಂದು ವಂಶವಾಹಿ ಬರುತ್ತದೆ. ಮೈತುಂಬ ಹುರುಪೆ ಕೊಡುವುದು ಪ್ರಬಲ, ಕನ್ನಡಿ ರೂಪದ್ದು ದುರ್ಬಲ. ಒಂದೇ ಇದ್ದರೆ ದುರ್ಬಲವಾದದ್ದು ತಲೆಮಾರುಗಟ್ಟಲೆ ಅಡಗಿರುತ್ತದೆ. ಅದನ್ನು ಅಡಗಿಸಿಕೊಂಡ ಗಂಡು ಹೆಣ್ಣು ಕೂಡಿದಾಗ, ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ಕನ್ನಡಿ ಗೆಂಡೆಯಾಗುತ್ತದೆ. ಬಟಾಣಿ ಗಿಡಗಳಲ್ಲಿ ಮೆಂಡೆಲ್ ಕಂಡು 1866ರಲ್ಲಿ ಪ್ರಕಟಿಸಿದ ಲೆಕ್ಕವೇ ಇದು. ಹುರುಪೆಯೇ ಇಲ್ಲದಂತಿರುವ ಚರ್ಮಗೆಂಡೆಗೆ ಮತ್ತೊಂದು ವಂಶವಾಹಿಯೂ ಸೇರಬೇಕು. ಈ ಎರಡನೆಯದು ತಂದೆತಾಯಿ ಇಬ್ಬರಿಂದಲೂ ಬಂದರೆ ಮರಿ ಬದುಕುವುದಿಲ್ಲ. ಆದಕಾರಣ ಚರ್ಮಗೆಂಡೆಗಳನ್ನೇ ಜೋಡಿ ಮಾಡಿದರೆ ಸಂತಾನದ ಕಾಲು ಭಾಗ ನಷ್ಟ.

ಇಂಥ ವಿಚಿತ್ರ ಮೀನುಗಳು ಹೊಳೆಗಿಂತ ಸಾಕುವ ಹೊಂಡಗಳಲ್ಲೇ ಹೆಚ್ಚಾಗಿ ಕಾಣುವುದೇಕೆ? ಹೊಂಡದಲ್ಲಿ ಒಡಹುಟ್ಟಿದವೇ ಕೂಡುತ್ತವೆ. ಅಡಗಿದ ಗುಣಗಳು ಎದುರುಬದುರಾಗುತ್ತವೆ. ಈ ತೋಟದವರೂ ವರ್ಷ ವರ್ಷ ತಮ್ಮ ಹೊಂಡದ ಮೀನಿನಿಂದಲೇ ಮರಿ ಮಾಡಿಸುತ್ತಿದ್ದರು. ಹಾಗೆ ಮುಂದುವರಿದರೆ ಹುರುಪೆಗಿಂತ ದೊಡ್ಡ ಚಿಂತೆಯುಂಟು: ಬೆಳವಣಿಗೆ ಕುಗ್ಗುವುದು, ಮರಿಗಳ ಕಸುವು ಇಳಿಯುವುದು. ನಮ್ಮ ಹಳೆಯ ತಳಿ ಆರು ತಿಂಗಳೊಳಗೇ, ಇನ್ನೂ ಸಣ್ಣದಿರುವಾಗಲೇ, ಮೊಟ್ಟೆಗೆ ಬಂದು ಕೆರೆ ತುಂಬಿಬಿಡುತ್ತಿತ್ತು. ಅದಕ್ಕಾಗಿಯೇ ಹೆಸರಘಟ್ಟದ ಸಂಶೋಧಕರು ಹಂಗೇರಿಯಿಂದ ಅಮುರ್ ತಳಿಯನ್ನು ತರಿಸಿ ತಳಿ ಸುಧಾರಣೆ ನಡೆಸಿದರು.

ಆ ತಂದೆಯವರು ಮುಂದಿನ ಮಳೆಗಾಲಕ್ಕೆ ಭದ್ರಾ ಅಣೆಕಟ್ಟಿನ ಬಳಿಯ ಬಿ.ಆರ್. ಪ್ರಾಜೆಕ್ಟಿನ ಮೀನುಮರಿ ಕೇಂದ್ರದಿಂದ ಹೊಸ ಮರಿ ತಂದರು. ಕೇಳುಗರಲ್ಲಿ ಮೀನು ಸಾಕುವವರಿದ್ದರೆ ನನ್ನ ವಿನಂತಿಯಿಷ್ಟೆ: ಬೋಳು ಮೀನನ್ನು ಹೂಳಬೇಡಿ, ಅದು ತಿನ್ನಲು ಯೋಗ್ಯವೇ, ಆದರೆ ತಾಯಿಮೀನನ್ನು ಆಗಾಗ್ಗೆ ಬದಲಾಯಿಸಿ. ನಾನಂತೂ ಈಗ ಹುಡುಗರು ಕೇಳಿದ್ದು ತಿಳಿಯದಿದ್ದರೆ, "ನಾಳೆ ವಿಚಾರಿಸಿ ಹೇಳುತ್ತೇನೆ" ಎನ್ನುತ್ತೇನೆ.