ಸಂಚಾರಿ ಮನೆಯ ಸೋರುವ ಕಿಟಕಿ



ಮಲಗಲು ಹಾಸಿಗೆ, ಅಡುಗೆಗೆ ಸಣ್ಣದೊಂದು ಒಲೆ, ಸಾಮಾನಿಗೆ ಕಪಾಟು, ಇಷ್ಟನ್ನೂ ಹೊತ್ತು ಊರೂರು ಸುತ್ತುವ ವಾಹನವನ್ನು ಕ್ಯಾಂಪರ್ ವ್ಯಾನ್ ಎನ್ನುತ್ತಾರೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರ್ಖಾನೆ 1950ರಲ್ಲಿ ‘ಟೈಪ್ 2’ ಎಂಬ ವ್ಯಾನನ್ನು ತಯಾರಿಸತೊಡಗಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆ ಅದರೊಳಗೆ ಮನೆಯ ಸೌಕರ್ಯಗಳನ್ನು ಜೋಡಿಸಿಕೊಡಲು ಆರಂಭಿಸಿತು. ಈ ಮಾದರಿಯ ತಯಾರಿಕೆ ಬ್ರೆಜಿಲ್‌ನಲ್ಲಿ 2013ರ ಕೊನೆಗೆ ನಿಂತುಹೋಯಿತು. ಆದರೂ ಹಳೆಯ ವ್ಯಾನುಗಳನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದವರು ಯುರೋಪು, ಅಮೆರಿಕಗಳಲ್ಲಿ ಇಂದಿಗೂ ಬಹಳ ಮಂದಿ ಇದ್ದಾರೆ. ಅವರನ್ನು ಮತ್ತೆ ಮತ್ತೆ ಕಾಡುವ ತೊಂದರೆಯೆಂದರೆ ಕಿಟಕಿ ಸೋರುವುದು.

ಇದೇನು ಮಹಾ, ಬಟ್ಟೆಯಿಂದ ಒರೆಸಿದರಾಯಿತು ಎಂದು ನಿಮಗೆ ಅನ್ನಿಸಬಹುದು. ಕಣ್ಣಿಗೆ ಕಾಣುವ ಹನಿಯನ್ನೇನೋ ಒರೆಸಬಹುದು. ಆದರೆ ವ್ಯಾನಿನ ಹೊರಮೈ ತಗಡಿನದು, ಒಳಮೈ ಪ್ಲೈವುಡ್ಡಿನದು. ಇವೆರಡರ ನಡುವೆ ಇಳಿದ ನೀರಿಗೆ ಗಾಳಿ ಬೆಳಕು ತಾಕುವುದಿಲ್ಲ, ಅದು ಬೇಗ ಆರುವುದಿಲ್ಲ. ತಗಡಿಗೆ ತುಕ್ಕು ಹಿಡಿಯುತ್ತದೆ, ಪ್ಲೈವುಡ್ ಉಬ್ಬಿ ಪದರ ಬಿಡುತ್ತದೆ. ಮಾಲೀಕರಿಗೆ ಸುಳಿವು ಸಿಗುವ ಹೊತ್ತಿಗೆ ಕಿಟಕಿಯ ಕೆಲಸ ಹೋಗಿ ಗೋಡೆಯ ಕೆಲಸವೇ ಬಂದಿರುತ್ತದೆ.

ಹಾಗಾದರೆ ಮೊದಲು ಮಾಡಬೇಕಾದುದೇನು? ಒಳಗೆ ಕಂಡ ನೀರು ಮಳೆಯದೇ ಅಲ್ಲವೇ ಎಂಬುದನ್ನು ತಿಳಿಯಬೇಕು. ವ್ಯಾನಿನೊಳಗೆ ಮಲಗಿದವರ ಉಸಿರಿನಲ್ಲಿ ನೀರಾವಿ ಇರುತ್ತದೆ. ಗ್ಯಾಸ್ ಒಲೆಯೂ ನೀರನ್ನು ಉಂಟುಮಾಡುತ್ತದೆ. ರಸಾಯನಶಾಸ್ತ್ರದ ಸಮೀಕರಣ ಬರೆದು ನೋಡಿ: 1 ಕಿಲೋ ಪ್ರೊಪೇನ್ ಪೂರ್ತಿಯಾಗಿ ಉರಿದರೆ ಸುಮಾರು 1.6 ಕಿಲೋ ನೀರಾವಿ ಹೊರಬೀಳುತ್ತದೆ. ಚಳಿಗಾಲದ ರಾತ್ರಿ ಈ ಆವಿ ತಣ್ಣನೆಯ ಗಾಜಿಗೆ ತಾಗಿ ಹನಿಗಟ್ಟುತ್ತದೆ. ಮಳೆಯಿಲ್ಲದ ರಾತ್ರಿಯೂ ಬೆಳಿಗ್ಗೆ ಗಾಜು ಒದ್ದೆಯಾಗಿದ್ದರೆ ಅದಕ್ಕೆ ಮದ್ದು ಗಾಳಿಯಾಡಿಸುವುದು. ಮಳೆ ಬಂದಾಗ ಮಾತ್ರ ಒದ್ದೆಯಾದರೆ ಅದು ಸೋರಿಕೆ.

ಸೋರಿಕೆಯ ಜಾಗವನ್ನು ಹುಡುಕುವುದು ತಾಳ್ಮೆಯ ಕೆಲಸ. ನೀರು ಒಳಹೊಕ್ಕ ಜಾಗ ಒಂದು, ಕಾಣಿಸಿಕೊಳ್ಳುವ ಜಾಗ ಇನ್ನೊಂದು. ಕಿಟಕಿಯ ಮೇಲ್ತುದಿಯಲ್ಲಿ ಹೊಕ್ಕ ನೀರು ಚೌಕಟ್ಟಿನ ಗುಂಟ ಹರಿದು ಕೆಳಮೂಲೆಯಲ್ಲಿ ತೊಟ್ಟಿಕ್ಕಬಹುದು. ಸಂದು ಸಣ್ಣದೆಂದು ಅಲಕ್ಷ್ಯ ಮಾಡುವಂತಿಲ್ಲ. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವ ಕ್ರಿಯೆಯನ್ನು ನೀವು ಕೇಶಾಕರ್ಷಣೆ ಎಂದು ಓದಿದ್ದೀರಿ. ಎರಡು ಶುಭ್ರವಾದ ಗಾಜಿನ ಹಲಗೆಗಳ ನಡುವೆ 1 ಮಿಲಿಮೀಟರ್ ಸಂದಿದ್ದರೆ ನೀರು ಸುಮಾರು 15 ಮಿಲಿಮೀಟರ್ ಏರುತ್ತದೆ. ಸಂದು ಅದರ ಹತ್ತನೇ ಒಂದು ಭಾಗವಾದರೆ ನೀರು ಹತ್ತರಷ್ಟು ಎತ್ತರಕ್ಕೆ ಏರುತ್ತದೆ.

ಆದ್ದರಿಂದ ಪರೀಕ್ಷೆ ಹೀಗೆ ನಡೆಯಬೇಕು. ಒಬ್ಬರು ಒಳಗೆ ಕುಳಿತು ಕಿಟಕಿಯ ಸುತ್ತ ಒಣಗಿದ ಕಾಗದದ ಚೂರುಗಳನ್ನು ಅಂಟಿಸಿಕೊಳ್ಳಲಿ. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನಿಧಾನವಾಗಿ ನೀರು ಬಿಡಲಿ. ಮೊದಲು ಕೆಳಗಿನ ಅಂಚು, ಕೆಲವು ನಿಮಿಷ ಕಾದು ಪಕ್ಕದ ಅಂಚು, ಕೊನೆಗೆ ಮೇಲಿನ ಅಂಚು. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲ ಕಡೆಗೂ ಹರಿದು ತಪ್ಪು ಜಾಗ ಯಾವುದೆಂಬುದು ತಿಳಿಯುವುದೇ ಇಲ್ಲ.

ಇನ್ನು ರಿಪೇರಿ. ಹಳೆಯ ವ್ಯಾನುಗಳಲ್ಲಿ ಗಾಜನ್ನು ಹಿಡಿದಿಡುವುದು ರಬ್ಬರ್ ಪಟ್ಟಿ. ಅದರ ಒಂದು ಗಾಡಿಯಲ್ಲಿ ಗಾಜು, ಇನ್ನೊಂದು ಗಾಡಿಯಲ್ಲಿ ತಗಡಿನ ಅಂಚು ಕುಳಿತಿರುತ್ತವೆ. ಬಿಸಿಲಿಗೂ ಗಾಳಿಯಲ್ಲಿರುವ ಓಜೋನ್ ಅನಿಲಕ್ಕೂ ರಬ್ಬರ್ ವರ್ಷಗಳು ಕಳೆದಂತೆ ಗಟ್ಟಿಯಾಗಿ ಬಿರಿಯುತ್ತದೆ. ಆಗ ಪಟ್ಟಿಯನ್ನೇ ಬದಲಿಸಬೇಕು. ಹಳೆಯ ಪಟ್ಟಿ ತೆಗೆದಾಗ ತಗಡಿನ ಅಂಚಿನಲ್ಲಿ ತುಕ್ಕು ಕಂಡರೆ ಕೆರೆದು, ಪ್ರೈಮರ್ ಮತ್ತು ಬಣ್ಣ ಬಳಿದು, ಚೆನ್ನಾಗಿ ಒಣಗಿಸಬೇಕು. ತುಕ್ಕಿನ ಮೇಲೆ ಹೊಸ ರಬ್ಬರ್ ಕೂರಿಸಿದರೆ ಅದು ಸಮನಾಗಿ ಕೂರುವುದಿಲ್ಲ. ಬಳಿಕ ಗಾಜಿಗೆ ಪಟ್ಟಿ ತೊಡಿಸಿ, ಹೊರಗಾಡಿಯಲ್ಲಿ ಸುತ್ತಲೂ ಒಂದು ದಾರ ಇಟ್ಟು, ಸಾಬೂನಿನ ನೀರು ಸವರುತ್ತಾರೆ. ಹೊರಗೆ ಒಬ್ಬರು ಗಾಜನ್ನು ಒತ್ತಿ ಹಿಡಿದರೆ ಒಳಗಿನವರು ದಾರವನ್ನು ಮೆಲ್ಲಗೆ ಎಳೆಯುತ್ತಾರೆ. ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಕ್ಕೆ ಬಂದು ಕೂರುತ್ತದೆ.

ಅಲ್ಯೂಮಿನಿಯಂ ಚೌಕಟ್ಟಿನ ಕಿಟಕಿಗಳ ರೀತಿ ಬೇರೆ. 1 ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ, ತಾಪ 40 ಡಿಗ್ರಿ ಸೆಲ್ಸಿಯಸ್ ಏರಿದರೆ, ಸುಮಾರು 0.9 ಮಿಲಿಮೀಟರ್ ಹಿಗ್ಗುತ್ತದೆ. ಅದೇ ಉದ್ದದ ಉಕ್ಕು ಹಿಗ್ಗುವುದು ಅದರ ಅರ್ಧದಷ್ಟು. ಹಗಲು ಹಿಗ್ಗಿ ರಾತ್ರಿ ಕುಗ್ಗುವ ಈ ಜಗ್ಗಾಟದಲ್ಲಿ ಗಟ್ಟಿಯಾಗುವ ಅಂಟು ಬಿರುಕು ಬಿಡುತ್ತದೆ. ಅದಕ್ಕಾಗಿಯೇ ಚೌಕಟ್ಟು ಮತ್ತು ಗೋಡೆಯ ನಡುವೆ ಸದಾ ಮೆತ್ತಗೇ ಉಳಿಯುವ ಬ್ಯುಟೈಲ್ ಪಟ್ಟಿಯನ್ನು ಇಡುತ್ತಾರೆ.

ಒಂದು ಎಚ್ಚರಿಕೆ. ಸೋರಿಕೆ ಕಂಡೊಡನೆ ಹೊರಗಿನಿಂದ ಸುತ್ತಲೂ ಸಿಲಿಕೋನ್ ಮೆತ್ತಿಬಿಡುವವರಿದ್ದಾರೆ. ಜಾರುವ ಕಿಟಕಿಗಳ ಕೆಳಗಾಡಿಯಲ್ಲಿ ನೀರು ಹೊರಹೋಗಲೆಂದೇ ಸಣ್ಣ ತೂತುಗಳಿರುತ್ತವೆ. ಅವು ಧೂಳಿನಿಂದ ಕಟ್ಟಿಕೊಂಡಿದ್ದರೆ ಸ್ವಚ್ಛ ಮಾಡಿದರೆ ಸಾಕು. ಅವನ್ನೇ ಮುಚ್ಚಿದರೆ ಹೊರಗೆ ಹೋಗಬೇಕಾದ ನೀರು ಒಳಗೆ ಉಕ್ಕುತ್ತದೆ. ಮೇಲಾಗಿ, ಸಿಲಿಕೋನ್ ಉಳಿದ ಜಾಗದಲ್ಲಿ ಮುಂದೆ ಬಣ್ಣವೂ ಸರಿಯಾಗಿ ಹಿಡಿಯುವುದಿಲ್ಲ.

ಉಪಕರಣ ಕೈಗೆತ್ತಿಕೊಳ್ಳುವ ಮುನ್ನ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕಿತ್ತು ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಮುಂದಿನ ಮಳೆಯಲ್ಲಿ ನಿಮ್ಮ ಮನೆಯ ಗೋಡೆಯ ಮೇಲೆ ಒದ್ದೆ ಕಲೆ ಕಂಡರೆ, ಅಲ್ಲಿಯೂ ಇದೇ ಪ್ರಶ್ನೆಗಳಿಂದ ಆರಂಭಿಸಿ. ನಿಮ್ಮ ವಿಜ್ಞಾನದ ಪಾಠ ಅಲ್ಲಿ ಕೆಲಸಕ್ಕೆ ಬರುತ್ತದೆ.