ಮಕ್ಕಳ ಮೂತ್ರನಾಳದ ಸೋಂಕು: ಪತ್ತೆ, ಚಿಕಿತ್ಸೆ ಮತ್ತು ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಕೆಮ್ಮಿಲ್ಲ, ನೆಗಡಿಯಿಲ್ಲ, ಭೇದಿಯಿಲ್ಲ. ಆದರೂ ಮಗುವಿನ ಮೈ ಸುಡುತ್ತಿರುತ್ತದೆ. ಹಲ್ಲು ಬರುವ ಜ್ವರವೆಂದೋ ದೃಷ್ಟಿ ತಗುಲಿತೆಂದೋ ಮನೆಯವರು ಸುಮ್ಮನಾಗುವುದುಂಟು. ಇಂತಹ ಜ್ವರದ ಹಿಂದೆ ಮೂತ್ರನಾಳದ ಸೋಂಕು ಅಡಗಿರಬಹುದು. ಎಳೆಯ ಮಗು ಉರಿಯನ್ನು ಹೇಳಿಕೊಳ್ಳಲಾರದು; ಜ್ವರ, ವಾಂತಿ, ಹಾಲು ಕುಡಿಯದಿರುವುದು, ತೂಕ ಏರದಿರುವುದು ಇಂಥವು ಅದರಲ್ಲಿ ಕಾಣುವ ಲಕ್ಷಣಗಳು. ದೊಡ್ಡ ಮಕ್ಕಳಲ್ಲಿ ಉರಿಮೂತ್ರ, ಪದೇ ಪದೇ ಅವಸರ, ಕಿಬ್ಬೊಟ್ಟೆಯ ನೋವು ಕಂಡುಬರುತ್ತವೆ. ನಿಂತುಹೋಗಿದ್ದ ಹಾಸಿಗೆ ಒದ್ದೆಯಾಗುವಿಕೆ ಮರಳಲೂಬಹುದು.

ಬಹುಪಾಲು ಪ್ರಕರಣಗಳಿಗೆ ಕರುಳಿನಲ್ಲಿರುವ ಇ-ಕೋಲೈ ಬ್ಯಾಕ್ಟೀರಿಯಾ ಕಾರಣ. ಮೂತ್ರದ್ವಾರದ ನಾಳ ಚಿಕ್ಕದಾಗಿರುವುದರಿಂದ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು; ಮೊದಲ ಕೆಲವು ತಿಂಗಳಲ್ಲಿ ಗಂಡುಶಿಶುಗಳಿಗೂ ಅಪಾಯವುಂಟು.

ಪತ್ತೆಯ ಮೂಲನಿಯಮ ಒಂದೇ: ಮೊದಲು ಮೂತ್ರದ ಮಾದರಿ, ಅನಂತರ ಆ್ಯಂಟಿಬಯೋಟಿಕ್. ಔಷಧ ಮೊದಲೇ ಹೊಟ್ಟೆ ಸೇರಿದರೆ ಕಲ್ಚರ್ ಪರೀಕ್ಷೆಯಲ್ಲಿ ರೋಗಾಣು ಬೆಳೆಯದೆ ಕಾರಣ ಮರೆಯಾಗಬಹುದು. ಅಂಗವನ್ನು ಶುದ್ಧ ನೀರಿನಿಂದ ತೊಳೆದು, ಮೊದಲ ಭಾಗ ಬಿಟ್ಟು, ನಡುಧಾರೆಯನ್ನು ಆಸ್ಪತ್ರೆಯ ಶುದ್ಧ ಡಬ್ಬಿಯಲ್ಲಿ ಹಿಡಿಯಬೇಕು. ಮಾದರಿ ಒಂದು ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕು; ತಡವಾಗುವುದಾದರೆ ಫ್ರಿಜ್‌ನಲ್ಲಿರಿಸಿ 24 ಗಂಟೆಯೊಳಗೆ ತಲುಪಿಸಬೇಕು. ಪ್ರಾಥಮಿಕ ಪರೀಕ್ಷೆ ಅಂದೇ ಸುಳಿವು ನೀಡುತ್ತದೆ. ಯಾವ ಔಷಧ ನಾಟುವುದೆಂದು ತಿಳಿಸುವ ಕಲ್ಚರ್ ವರದಿಗೆ ಎರಡು-ಮೂರು ದಿನ ಬೇಕು. ಮಗು ಬಳಲಿದ್ದರೆ ವೈದ್ಯರು ಮಾದರಿ ಪಡೆದ ಕೂಡಲೇ ಚಿಕಿತ್ಸೆ ಆರಂಭಿಸುತ್ತಾರೆ.

ಜ್ವರಸಹಿತ ಸೋಂಕಿಗೆ ಸಾಮಾನ್ಯವಾಗಿ 7ರಿಂದ 10 ದಿನಗಳ ಔಷಧ ಬೇಕಾಗುತ್ತದೆ. ಜ್ವರ ಇಳಿಯಿತೆಂದು ನಡುವೆ ನಿಲ್ಲಿಸಕೂಡದು. 48 ಗಂಟೆಯಾದರೂ ಇಳಿಯದಿದ್ದರೆ ಮತ್ತೆ ವೈದ್ಯರಲ್ಲಿಗೆ ಒಯ್ಯಬೇಕು. ಮೂರು ತಿಂಗಳೊಳಗಿನ ಶಿಶುವಿಗೆ ಆಸ್ಪತ್ರೆಯಲ್ಲಿ ಚುಚ್ಚುಮದ್ದಿನ ಚಿಕಿತ್ಸೆಯೇ ಸುರಕ್ಷಿತ. ಸೋಂಕು ಮರುಕಳಿಸಿದರೆ ಮೂತ್ರ ಹಿಮ್ಮುಖವಾಗಿ ಹರಿಯುವ ದೋಷವಿದೆಯೇ ಎಂದು ಪರೀಕ್ಷಿಸಬೇಕಾಗಬಹುದು. ಅಲಕ್ಷಿಸಿದರೆ ಮೂತ್ರಪಿಂಡದಲ್ಲಿ ಕಲೆ ಉಳಿದು, ಮುಂದೆ ರಕ್ತದೊತ್ತಡಕ್ಕೂ ಮೂತ್ರಪಿಂಡದ ವೈಫಲ್ಯಕ್ಕೂ ದಾರಿಯಾದೀತು.

ಇಲ್ಲಿ ಪಂಚಾಯಿತಿಯ ಪಾತ್ರವೇನು? ಶಾಲೆಯ ಶೌಚಾಲಯದಲ್ಲಿ ನೀರಿಲ್ಲ, ಬಾಗಿಲಿಗೆ ಚಿಲಕವಿಲ್ಲ ಎಂಬ ಕಾರಣಕ್ಕೆ ಬಾಲಕಿ ಬೆಳಗಿನಿಂದ ಸಂಜೆಯವರೆಗೆ ಮೂತ್ರ ತಡೆಯುತ್ತಾಳೆ, ನೀರು ಕುಡಿಯುವುದನ್ನೇ ಬಿಡುತ್ತಾಳೆ. ಇವೆರಡೂ ಸೋಂಕಿಗೆ ಆಸ್ಪದ ನೀಡುತ್ತವೆ; ಮಲಬದ್ಧತೆಯೂ ಅದಕ್ಕೆ ಜೊತೆಗೂಡುತ್ತದೆ. ಆದ್ದರಿಂದ ಸದಸ್ಯರು ತಮ್ಮ ವಾರ್ಡಿನ ಶಾಲೆ ಹಾಗೂ ಅಂಗನವಾಡಿಯ ಶೌಚಾಲಯವನ್ನು ಖುದ್ದಾಗಿ ನೋಡಿ, ನೀರು, ಚಿಲಕ, ಸ್ವಚ್ಛತೆಯ ಕೊರತೆಗಳನ್ನು ಮುಂದಿನ ಸಭೆಯಲ್ಲಿ ಮಂಡಿಸುವುದು ಉಚಿತ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾದರಿಯ ಡಬ್ಬಿಗಳಿವೆಯೇ, ಮಾದರಿಯನ್ನು ತಂಪಾಗಿ ತಾಲ್ಲೂಕು ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆಯಿದೆಯೇ ಎಂಬುದನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿ ವಿಚಾರಿಸಬೇಕು. ಕಾರಣ ತಿಳಿಯದ ಜ್ವರವಿರುವ ಮಗುವಿಗೆ ಮೂತ್ರ ಪರೀಕ್ಷೆಯಾಗಬೇಕೆಂಬ ಮಾತು ಆಶಾ ಕಾರ್ಯಕರ್ತೆಯರ ಮೂಲಕ ಪ್ರತಿ ಮನೆಗೂ ತಲುಪಲಿ.