ಹಳೆ ಪೆಟ್ಟಿಗೆಗೆ ಹೊಸ ಲೈನು

ಇವತ್ತಿನ ಮಾತು ಫೋನಿನದು. ಕನ್ನಡ ಬಿ.ಎ. ಓದಿದವಳಿಗೆ ಫೋನಿನ ವೈರಿನ ಉಸಾಬರಿ ಯಾಕೆ ಎಂದು ನೀವು ನಗಬಹುದು. ನಗಿ, ಆದರೆ ಕೇಳಿ.

ನನ್ನ ಚಿಕ್ಕಪ್ಪ ಕೆಲವು ವರ್ಷಗಳ ಹಿಂದೆ ಮುಂಬಯಿಯಲ್ಲಿ ಔಷಧಿ ವಿತರಿಸುವ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅಲ್ಲಿ ಗೋಡೆಗೆ ಹೊಡೆದ ಹಳೆಯ ಇ.ಪಿ.ಎ.ಬಿ.ಎಕ್ಸ್. ಪೆಟ್ಟಿಗೆ. ಒಳಗಿನ ನಲವತ್ತು ಫೋನುಗಳಿಗೆ ಹೊರಗಿನ ಲೈನು ಎಂಟೇ. ಬೆಳಗಿನ ಹೊತ್ತು ಅಂಗಡಿಯವರು ಯಾವಾಗ ಕರೆದರೂ ಎಂಗೇಜ್. ಬೇಸತ್ತ ಮಾಲೀಕರು ಪಿ.ಆರ್.ಐ. ಎಂಬ ಡಿಜಿಟಲ್ ಲೈನು ಹಾಕಿಸಿದರು.

ಈ ಲೈನೆಂದರೆ ಒಂದೇ ಕೇಬಲ್ಲಿನಲ್ಲಿ 30 ಕರೆಗಳಿಗೆ ದಾರಿ. ನಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆದರೆ ಸೆಕೆಂಡಿಗೆ 64 ಕಿಲೋಬಿಟ್ ಆಯಿತು. ಅಂಥ 32 ಪಾಲು ಸೇರಿ 2,048 ಕಿಲೋಬಿಟ್. ಅದರಲ್ಲಿ 30 ಪಾಲು ಮಾತಿಗೆ, ಒಂದು ಎರಡೂ ತುದಿಗಳ ಹೊಂದಾಣಿಕೆಗೆ, ಇನ್ನೊಂದು ಯಾರು ಯಾರನ್ನು ಕರೆದರು, ಯಾವಾಗ ಫೋನಿಟ್ಟರು ಎಂದು ತಿಳಿಸಲು. ಅಮೆರಿಕದಲ್ಲಿ ಲೆಕ್ಕವೇ ಬೇರೆ: ಒಟ್ಟು 24 ಪಾಲು, ಮಾತಿಗೆ 23.

ಹಳೆ ಪೆಟ್ಟಿಗೆಯಲ್ಲಿ ಪುಣ್ಯಕ್ಕೆ ಒಂದು ಜಾಗ ಖಾಲಿಯಿತ್ತು. ಕಾರ್ಡು ಹಾಕಿದರು, ಫೋನು ಬಡಿಯಿತು, ಪೇಡೆ ಹಂಚಿದರು. ಮರುದಿನದಿಂದ ಮಾತಿನ ನಡುವೆ ಟಿಕ್, ಟಿಕ್. ಮಾತೇನೋ ತಿಳಿಯುತ್ತಿತ್ತು. ಆದರೆ ಫ್ಯಾಕ್ಸು ಅರ್ಧಕ್ಕೇ ನಿಲ್ಲತೊಡಗಿತು. ಒಂದು ಆಸ್ಪತ್ರೆಯವರು ಇನ್ಸುಲಿನ್ ಪಟ್ಟಿಯನ್ನು ಮೂರು ಸಲ ಕಳಿಸಿದರೂ ಕೊನೆಯ ಸಾಲುಗಳು ಬರಲಿಲ್ಲ. ರಾತ್ರಿ ಚಿಕ್ಕಪ್ಪನೇ ಲೋಕಲ್ ಹಿಡಿದು ಹೋಗಿ ಪಟ್ಟಿಯನ್ನು ಕೈಯಲ್ಲಿ ತಂದರು.

ಪೆಟ್ಟಿಗೆ ಹಳತಾಯಿತು, ಬಿಸಾಡಿ ಎಂದವರೇ ಎಲ್ಲ. ಕೊನೆಗೆ ಬಂದ ಎಂಜಿನಿಯರ್ ಕೇಳಿದ್ದು ಒಂದೇ ಪ್ರಶ್ನೆ: "ಗಡಿಯಾರ ಯಾರದು?" ಫೋನ್ ಕಂಪನಿ ತನ್ನ ಗಡಿಯಾರದಂತೆ ಕಳಿಸುತ್ತಿತ್ತು, ಪೆಟ್ಟಿಗೆ ತನ್ನ ಗಡಿಯಾರದಂತೆ ಓದುತ್ತಿತ್ತು. ಕೂದಲೆಳೆಯ ವ್ಯತ್ಯಾಸವೂ ಕೂಡುತ್ತ ಕೂಡುತ್ತ, ಆಗಾಗ ಸೆಕೆಂಡಿನ 8,000ದಲ್ಲಿ ಒಂದು ಪಾಲು ಜಾರಿಹೋಗುತ್ತದೆ. ಕಿವಿಗೆ ಅದು ಬರೀ ಟಿಕ್, ಫ್ಯಾಕ್ಸಿಗೆ ದೊಡ್ಡ ಪೆಟ್ಟು. ಅವರು ಕಾರ್ಡಿನ ಸೆಟ್ಟಿಂಗನ್ನು 'ಮಾಸ್ಟರ್'ನಿಂದ 'ಸ್ಲೇವ್'ಗೆ ಬದಲಿಸಿದರು. ಐದು ನಿಮಿಷದ ಕೆಲಸ. ಆಮೇಲೆ ಪಟ್ಟಿ ಪೂರ್ತಿ ಬಂತು.

ನಿಮ್ಮ ಕಚೇರಿಯಲ್ಲೂ ಇಂಥ ಪೆಟ್ಟಿಗೆ ಇದ್ದೀತು. ಕಾರ್ಡಿಗೆ ಜಾಗವಿಲ್ಲದಿದ್ದರೆ ನಡುವೆ ಗೇಟ್‌ವೇ ಎಂಬ ದುಭಾಷಿ ಇಡಬಹುದು. ಒಂದು ಕಡೆ ಡಿಜಿಟಲ್, ಇನ್ನೊಂದು ಕಡೆ ಹಳೆಯ ಮಾಮೂಲಿ ಲೈನು. ಅದನ್ನು ಇಟ್ಟರೆ, ಆ ಕಡೆಯವರು ಫೋನಿಟ್ಟದ್ದು ಪೆಟ್ಟಿಗೆಗೆ ತಿಳಿಯುತ್ತದೆಯೇ ಎಂದು ನೋಡಿ. ತಿಳಿಯದಿದ್ದರೆ ಲೈನು ಸುಮ್ಮನೆ ಹಿಡಿದೇ ಇರುತ್ತದೆ. ಈಗ ಇಂಟರ್‌ನೆಟ್ ಮೂಲಕ ಬರುವ ಸಿಪ್ ಟ್ರಂಕಿಗೂ ಗೇಟ್‌ವೇ ಸಿಗುತ್ತದೆ. ಯಾವುದೇ ಇರಲಿ, ಹೊಸದನ್ನು ನಾಲ್ಕು ದಿನ ಪರೀಕ್ಷಿಸುವವರೆಗೆ ಹಳೆ ಲೈನುಗಳನ್ನು ಕೀಳಬೇಡಿ. ಬರೀ "ಹಲೋ" ಕೇಳಿಸಿತೆಂದು ಪೇಡೆ ಹಂಚಬೇಡಿ, ಫ್ಯಾಕ್ಸನ್ನೂ ಕಳಿಸಿ ನೋಡಿ.

ಸ್ಟುಡಿಯೋದಲ್ಲಿ ನಾನು ನೋಡುವುದು ಗೋಡೆಯ ಗಡಿಯಾರ, ಕೈಗಡಿಯಾರವಲ್ಲ. ಹಾಗೆ ನೋಡಿದರೆ ಮುಂದಿನ ಕಾರ್ಯಕ್ರಮದ ಹೊತ್ತಾಯಿತು. ಮತ್ತೆ ಸಿಗೋಣ, ನಮಸ್ಕಾರ.